ಬ್ರೂಸ್ಟರ್ ಕೋನ ಸೂಕ್ಷ್ಮದರ್ಶಕ: ವಾಲಿದ ದಿಕ್ಕಿಗೆ ಸರಿ, ಡಿಗ್ರಿಯ ಲೆಕ್ಕಕ್ಕೆ ಸಾಲದು

ನೀರಿನ ಮೇಲೆ ಹರಡಿದ, ಒಂದೇ ಅಣುವಿನಷ್ಟು ದಪ್ಪದ ಪದರಗಳನ್ನು ನೋಡಲು ಲ್ಯಾಂಗ್ಮ್ಯೂರ್ ತೊಟ್ಟಿಯ (ನೀರಿನ ಮೇಲಿನ ಪದರವನ್ನು ಚಲಿಸುವ ಪಟ್ಟಿಗಳಿಂದ ಒತ್ತುವ ಆಳವಿಲ್ಲದ ತೊಟ್ಟಿ) ಮೇಲೆ ಕೂರಿಸಿದ ಈ ಉಪಕರಣವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅಣುಗಳು ಯಾವ ಕಡೆಗೆ ವಾಲಿವೆ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಎಷ್ಟು ವಾಲಿವೆ ಎಂಬುದಕ್ಕೆ ಇದೊಂದನ್ನೇ ನಂಬುವಂತಿಲ್ಲ.

ಪತನ ತಲದಲ್ಲಿ, ಅಂದರೆ ಬೀಳುವ ಕಿರಣವೂ ಮೇಲ್ಮೈಯ ಲಂಬವೂ ಇರುವ ತಲದಲ್ಲಿ, ಧ್ರುವೀಕರಿಸಿದ ಲೇಸರ್ ಬೆಳಕು ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ (ಇದೇ ಬ್ರೂಸ್ಟರ್ ಕೋನ) ಬರಿಯ ನೀರಿನ ಮೇಲೆ ಬಿದ್ದರೆ ಹೆಚ್ಚುಕಡಿಮೆ ಪ್ರತಿಫಲಿಸುವುದೇ ಇಲ್ಲ, ಪರದೆ ಕಪ್ಪಾಗಿರುತ್ತದೆ. ಎರಡು ನ್ಯಾನೊಮೀಟರ್ ದಪ್ಪದ, ಉದ್ದ ಸರಪಳಿಯ ಕೊಬ್ಬಿನಾಮ್ಲವಾದ ಸ್ಟಿಯರಿಕ್ ಆಮ್ಲದ ಪದರ ಹರಡಿದಾಗ ಮರಳಿ ಬರುವುದು ಬಿದ್ದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟಾದರೂ ಕ್ಯಾಮೆರಾಗೆ ಅದು ಸಾಕು. ಕ್ಯಾಮೆರಾದ ಎದುರಿನ ಧ್ರುವೀಕಾರಕವನ್ನು ತುಸು ತಿರುಗಿಸಿದರೆ, ಒಂದೇ ಬೂದು ಬಣ್ಣವಾಗಿ ಕಂಡಿದ್ದ ಪದರ ಬೇರೆ ಬೇರೆ ಕಡೆಗೆ ವಾಲಿದ ತುಂಡುಗಳಾಗಿ ಒಡೆದು, ಕೆಲವು ಬೆಳಗಿ ಕೆಲವು ಕಪ್ಪಾಗುತ್ತವೆ. ತಡೆಪಟ್ಟಿಗಳಿಂದ ಒತ್ತುತ್ತ ಹೋಗಿ ಮೇಲ್ಮೈ ಒತ್ತಡ ಮೀಟರಿಗೆ ಸುಮಾರು 25 ಮಿಲಿನ್ಯೂಟನ್ ದಾಟಿದಾಗ ಸರಪಳಿಗಳು ನೆಟ್ಟಗೆ ನಿಲ್ಲುತ್ತವೆ, ಈ ಭೇದವೂ ಅಳಿಸಿಹೋಗುತ್ತದೆ. ಇದನ್ನು ನೋಡುವುದಕ್ಕಾದರೂ ಈ ಉಪಕರಣ ಬೇಕು ಎನ್ನುತ್ತೇನೆ.

ಡಿಗ್ರಿಯ ವಿಷಯ ಬೇರೆ. ಹೊಳಪಿನಿಂದ ಕೋನ ತೆಗೆಯಬೇಕಾದರೆ ಪದರದ ದಪ್ಪವನ್ನೂ ವಕ್ರೀಭವನ ಸೂಚ್ಯಂಕಗಳನ್ನೂ ಊಹಿಸಿಕೊಳ್ಳಬೇಕಾಗುತ್ತದೆ, ಊಹೆ ತುಸು ಬದಲಾದರೆ ಉತ್ತರವೂ ಸರಿಯುತ್ತದೆ. ತೊಟ್ಟಿಯ ಅಳತೆಯಿಂದ ಒಂದು ಅಂದಾಜು ಸಿಗುತ್ತದೆ: ಅಣುವೊಂದಕ್ಕೆ 0.24 ಚದರ ನ್ಯಾನೊಮೀಟರ್ ಜಾಗವಿದ್ದು ಸರಪಳಿಯ ಅಡ್ಡಕೊಯ್ತ 0.20 ಇದ್ದರೆ, ವಾಲಿಕೆ ಸುಮಾರು 34 ಡಿಗ್ರಿ. ಖಚಿತವಾಗಬೇಕಾದರೆ ತೀವ್ರ ಎಕ್ಸ್-ಕಿರಣ ಕೊಡುವ ದೊಡ್ಡ ಯಂತ್ರವಾದ ಸಿಂಕ್ರೋಟ್ರಾನ್‌ಗೇ ಹೋಗಬೇಕು. ಅಲ್ಲಿ ಎಕ್ಸ್-ಕಿರಣವನ್ನು ನೀರಿನ ಮೇಲ್ಮೈಗೆ 0.15 ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ ಹಾಯಿಸಿದಾಗ ಅದು ನೀರಿನೊಳಗೆ ಕೆಲವೇ ನ್ಯಾನೊಮೀಟರ್ ಇಳಿಯುತ್ತದೆ. ವಿವರ್ತನೆಯ ಶಿಖರಗಳು, ಅಂದರೆ ಅಣುಗಳ ಸಾಲುಗಳಿಂದ ಚದುರಿದ ಕಿರಣ ತೀವ್ರವಾಗಿ ಕಾಣುವ ಜಾಗಗಳು, ಮೇಲ್ಮೈಯಿಂದ ಎಷ್ಟು ಮೇಲೆದ್ದಿವೆ ಎಂಬುದರಿಂದ ವಾಲಿಕೆಯ ಕೋನ ನೇರವಾಗಿ ದೊರೆಯುತ್ತದೆ. ಆದರೆ ಆ ಕಿರಣ ಒಮ್ಮೆಗೇ ಅಸಂಖ್ಯ ತುಂಡುಗಳ ಮೇಲೆ ಹಾಯುವುದರಿಂದ, ಯಾವ ತುಂಡು ಎತ್ತ ವಾಲಿತ್ತು ಎಂಬ ನಕ್ಷೆ ಕಳೆದುಹೋಗುತ್ತದೆ. ಹೀಲಿಯಂ ತುಂಬದೆ ಕಿರಣ ಬಿಟ್ಟರೆ ಪದರ ಬೇಗ ಹಾಳಾಗುವ ಕಾಟವೂ ಉಂಟು.

ನಿತ್ಯದ ಬಳಕೆಯಲ್ಲಿ ಕಾಡುವುದು ಗಾಳಿ. ಹವಾನಿಯಂತ್ರಕದ ಸಣ್ಣ ಸೆಳೆತಕ್ಕೂ ತುಂಡುಗಳು ಪರದೆಯಿಂದ ಜಾರುತ್ತವೆ, ಮುಚ್ಚಳ ಬೇಕೇ ಬೇಕು. ಓರೆನೋಟದ ಕಾರಣ ಚಿತ್ರದ ಒಂದು ಪಟ್ಟಿಯಷ್ಟೇ ಸ್ಪಷ್ಟವಾಗಿರುತ್ತದೆ. ತೊಟ್ಟಿಯ ತಳದ ಪ್ರತಿಫಲನ ತಡೆಯುವ ಕಪ್ಪು ಗಾಜಿನ ತುಂಡನ್ನು ಪ್ರತಿ ಸಲವೂ ತೊಳೆಯಬೇಕು. ನಮಗೆ ಬಂದ ದರಪಟ್ಟಿಯಲ್ಲಿ ಕಂಪನ ತಡೆಯುವ ಮೇಜು ಸೇರಿರಲಿಲ್ಲ, ಅದಿಲ್ಲದೆ ಮೇಲಿನದ್ಯಾವುದೂ ನಡೆಯುವುದಿಲ್ಲ. ಕೊಳ್ಳುವವರು ಅದನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು.