ಸಂಘಟನೆಗಳ ಸಮಾಜಶಾಸ್ತ್ರ: 14 ವಾರದ ಆನ್‌ಲೈನ್ ಕೋರ್ಸ್ ಮುಗಿಸಿದ ಮೇಲೆ

ಹೋದ ತಿಂಗಳು ಕೋರ್ಸ್ ಮುಗಿಯಿತು. ಸೇರಬೇಕಾ ಬೇಡವಾ ಅಂತ ಮೂರ್ನಾಲ್ಕು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಪೂರ್ತಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನು ಗದಗಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ 11 ವರ್ಷದಿಂದ ಕ್ಲರ್ಕ್. ಸಾಲದ ಕೌಂಟರ್ ನನ್ನದು. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ದಿನಾ ರೈಲಿನಲ್ಲಿ ಓಡಾಟ. ಓದಿದ್ದು ಬಿ.ಎ., ಅದೂ ಕನ್ನಡ ಮಾಧ್ಯಮದಲ್ಲಿ. ಈ ಕೋರ್ಸಿನ ಹೆಸರು ‘ಸಂಕೀರ್ಣ ಸಂಘಟನೆಗಳ ಸಮಾಜಶಾಸ್ತ್ರ’. ಹೆಸರು ಕೇಳಿ ಹೆದರಬೇಡಿ. ಬ್ಯಾಂಕು, ಆಸ್ಪತ್ರೆ, ಬಸ್ ಡಿಪೊ, ಪಕ್ಷ, ಕಾರ್ಖಾನೆ, ಸರಕಾರಿ ಕಚೇರಿ, ಇಂಥ ದೊಡ್ಡ ಸಂಸ್ಥೆಗಳು ಒಳಗೆ ಹೇಗೆ ನಡೆಯುತ್ತವೆ, ಒಂದು ಉದ್ದೇಶಕ್ಕೆ ಕಟ್ಟಿದ್ದು ಯಾಕೆ ಇನ್ನೊಂದನ್ನೇ ಮಾಡುತ್ತಾ ಕೂರುತ್ತದೆ, ಒಳ್ಳೆಯ ಜನರೇ ಇದ್ದರೂ ಕೆಲಸ ಯಾಕೆ ಕೆಡುತ್ತದೆ, ಇದೇ ವಿಷಯ. ಕೋರ್ಸ್ ನಡೆಸುವ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅವರ ಬಗ್ಗೆ ಒಂದು ದೂರೂ ಇದೆ, ಮುಂದೆ ಹೇಳುತ್ತೇನೆ. ಇದೇ ಪಾಠ ಬೇರೆ ಬೇರೆ ಕಡೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ವಾರಕ್ಕೆ ಮೂರು ರೆಕಾರ್ಡ್ ಮಾಡಿದ ಪಾಠ, ಒಂದೊಂದು 25 ನಿಮಿಷ. ಓದಲು 40 ಪುಟದಷ್ಟು ಇಂಗ್ಲಿಷ್. ಶನಿವಾರ ಸಂಜೆ 7 ಕ್ಕೆ ಮೇಷ್ಟ್ರ ಜೊತೆ ನೇರ ಕ್ಲಾಸು. ಕೊನೆಗೆ ನಿಮಗೆ ಗೊತ್ತಿರುವ ಒಂದು ಸಂಸ್ಥೆಯ ಮೇಲೆ ಪ್ರಾಜೆಕ್ಟ್. ಫೀಸು 9,500 ರೂಪಾಯಿ. ನನ್ನಂಥವಳಿಗೆ ಅದು ಸಣ್ಣ ದುಡ್ಡಲ್ಲ.

ಪಾಠ ನಾನು ಕೇಳಿದ್ದು ರೈಲಿನಲ್ಲೇ ಜಾಸ್ತಿ. ಹಿಂದಿನ ರಾತ್ರಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತಿದ್ದೆ. ಹೆಬಸೂರು ದಾಟಿ ಅಣ್ಣಿಗೇರಿ, ಹುಲಕೋಟಿ ಬರುವಷ್ಟರಲ್ಲಿ ಎರಡು ಪಾಠ ಮುಗಿಯುತ್ತಿದ್ದವು. ಡೌನ್‌ಲೋಡ್ ಸೌಲಭ್ಯ ಇಲ್ಲದ ಕೋರ್ಸಿಗೆ ಸೇರಬೇಡಿ, ಓಡಾಡುವವರು ಇದನ್ನು ಮೊದಲೇ ಕೇಳಿಕೊಳ್ಳಿ.

ಮೊದಲ ಎರಡು ವಾರ ಮ್ಯಾಕ್ಸ್ ವೆಬರ್. ಜರ್ಮನಿಯ ಸಮಾಜಶಾಸ್ತ್ರಜ್ಞರು, 1920 ರಲ್ಲಿ ತೀರಿಕೊಂಡರು, ಅಧಿಕಾರಶಾಹಿಯ ಬಗ್ಗೆ ಬರೆದದ್ದು 1922 ರಲ್ಲಿ ಅಚ್ಚಾಯಿತು. ಕಡತ, ಲಿಖಿತ ನಿಯಮ, ಮೇಲೊಬ್ಬ ಕೆಳಗೊಬ್ಬ, ತರಬೇತಿ ಪಡೆದ ಸಂಬಳದ ನೌಕರ, ಇವಿಷ್ಟೂ ಸೇರಿ ಒಂದು ಯಂತ್ರ. ಕಚೇರಿ ಅಂದರೆ ಬೈಯುವುದೇ ಅಭ್ಯಾಸವಾದ ನನಗೆ ಇಲ್ಲಿ ಮೊದಲ ಸಲ ಬೇರೆ ಮಗ್ಗುಲು ಕಂಡಿತು. ನಮ್ಮಲ್ಲಿ ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳುತ್ತಿದ್ದ ಹಳೆಯ ಕಾಲದಲ್ಲಿ ಸಾಲ ಕೊಡುತ್ತಿದ್ದದ್ದು ಮುಖ ನೋಡಿ. ಯಾರ ಮಗ, ಯಾವ ಓಣಿ, ಯಾವ ಜಾತಿ, ಚೇರ್ಮನ್ನರಿಗೆ ಪರಿಚಯ ಉಂಟೋ ಇಲ್ಲವೋ. ಅರ್ಜಿ, ಉತಾರ, ಜಾಮೀನುದಾರ, ರಸೀದಿ ಅಂತ ಎಲ್ಲರಿಗೂ ಒಂದೇ ಕಾಗದ ಕೇಳಲು ಶುರುವಾದ ಮೇಲೆ ಪರಿಚಯವಿಲ್ಲದ ಬಡವನೂ ಕೌಂಟರಿಗೆ ಬಂದು ‘ನಂದೂ ಪೂರಾ ಐತ್ರಿ, ಕೊಡ್ರಿ’ ಅನ್ನಬಹುದಾಯಿತು. ನಿಯಮ ಅಂದರೆ ಬರೀ ತೊಂದರೆ ಅಲ್ಲ, ಕೈಯಲ್ಲಿ ಏನೂ ಇಲ್ಲದವನಿಗೆ ಅದೇ ಹಿಡಿಕೆ. ವೆಬರ್ ಇದನ್ನೂ ಹೇಳುತ್ತಾರೆ, ಇದೇ ಯಂತ್ರ ಮನುಷ್ಯನನ್ನು ಪಂಜರದಲ್ಲಿ ಹಾಕುತ್ತದೆ ಅಂತಲೂ ಹೇಳುತ್ತಾರೆ. ಎರಡೂ ನಿಜ ಅಂತ ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಕೆಲಸದ ಒಂದೊಂದು ಹೆಜ್ಜೆಯನ್ನೂ ಅಳೆದು ಮಾಡಿಸಬೇಕು ಅಂದ ಟೇಲರ್ ಮತ್ತು ಅವರ 1911 ರ ವೈಜ್ಞಾನಿಕ ನಿರ್ವಹಣೆ, ಕೆಲಸಗಾರರ ದುಡಿಮೆ ಯಾವುದರಿಂದ ಹೆಚ್ಚುತ್ತದೆ ಅಂತ ನೋಡಲು ಷಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924 ರಿಂದ 1932 ರವರೆಗೆ ನಡೆದ ಪ್ರಯೋಗ, ಇವು ಬೇಗ ಮುಗಿದವು. ಮ್ಯಾನೇಜ್‌ಮೆಂಟ್ ಓದಿದವರಿಗೆ ಇವು ಹಳೆಯ ಪಾಠ, ನನಗೂ ಅಷ್ಟೇನೂ ಹಿಡಿಸಲಿಲ್ಲ.

ಹಿಡಿಸಿದ್ದು ರಾಬರ್ಟ್ ಮಿಷೆಲ್ಸ್. 1911 ರಲ್ಲಿ ಜರ್ಮನಿಯ ಸಮಾಜವಾದಿ ಪಕ್ಷವನ್ನು ನೋಡಿ ಬರೆದವರು. ಸಮಾನತೆಗಾಗಿಯೇ ಹುಟ್ಟಿದ ಪಕ್ಷ ಅದು, ಅಲ್ಲೂ ಅಧಿಕಾರ ಕೆಲವರ ಕೈಯಲ್ಲೇ ಹೋಗಿ ನಿಂತಿತ್ತು. ಯಾಕೆ? ಸಂಸ್ಥೆ ದೊಡ್ಡದಾದರೆ ಎಲ್ಲರೂ ಕೂತು ತೀರ್ಮಾನ ಮಾಡಲು ಆಗುವುದಿಲ್ಲ, ಯಾರೋ ಲೆಕ್ಕಪತ್ರ ಕಲಿಯುತ್ತಾರೆ, ಭಾಷಣ ಕಲಿಯುತ್ತಾರೆ, ಮಾಹಿತಿ ಅವರ ಹತ್ತಿರ ಉಳಿಯುತ್ತದೆ, ಆಮೇಲೆ ಕುರ್ಚಿ ಉಳಿಸಿಕೊಳ್ಳುವುದೇ ಅವರ ಕೆಲಸವಾಗುತ್ತದೆ. ಇದನ್ನು ಓದುವಾಗ ರೈಲು ಗದಗ ಸ್ಟೇಷನ್ನಿಗೆ ಬಂದು ನಿಂತಿದ್ದೂ ಗೊತ್ತಾಗಲಿಲ್ಲ.

ಗದಗ ತಾಲ್ಲೂಕಿನವರಿಗೆ ಈ ಪಾಠ ಯಾಕೆ ತಟ್ಟುತ್ತದೆ ಅಂದರೆ, ಕಣಗಿನಹಾಳ ಇದೇ ತಾಲ್ಲೂಕಿನ ಊರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಹೆಸರಾದದ್ದು 1905 ರಲ್ಲಿ ಅಲ್ಲೇ ಶುರುವಾಯಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕು, ಊರಿನ ದುಡ್ಡು ಊರಿಗೇ ಆಗಬೇಕು, ಒಬ್ಬ ಸದಸ್ಯನಿಗೆ ಒಂದು ಮತ. ಇದಕ್ಕಿಂತ ಚೆಂದದ ವಿಚಾರ ಇನ್ನೇನಿದೆ? ಆರು ವರ್ಷದ ಮೇಲೆ ಮಿಷೆಲ್ಸ್ ಯುರೋಪಿನಲ್ಲಿ ಕೂತು, ಇಂಥದ್ದೆಲ್ಲ ಕೊನೆಗೆ ನಾಲ್ಕು ಜನರ ಕೈಗೇ ಹೋಗುತ್ತದೆ ಅಂತ ಬರೆದರು. ಶನಿವಾರ ಕ್ಲಾಸಿನಲ್ಲಿ ನಾನು ಕೇಳಿದೆ, ‘ಹಂಗಾದ್ರ ಸಹಕಾರ ಅನ್ನೂದು ಸುಳ್ಳೇನ್ರಿ ಸರ್?’ ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ನಿಮ್ಮ ಸಂಘದ ವಾರ್ಷಿಕ ಸಭೆಗೆ ಎಷ್ಟು ಜನ ಬರುತ್ತಾರೆ, ಬಂದವರಲ್ಲಿ ಎಷ್ಟು ಜನ ಪ್ರಶ್ನೆ ಕೇಳುತ್ತಾರೆ, ಲೆಕ್ಕದ ಪುಸ್ತಕ ಅವರಿಗೆ ಓದಲು ಸಿಗುತ್ತದಾ, ಇದನ್ನು ನೋಡಿಕೊಂಡು ಬನ್ನಿ ಅಂದರು. ನನ್ನ ಪ್ರಾಜೆಕ್ಟ್ ಹುಟ್ಟಿದ್ದು ಅಲ್ಲಿ. ಇಂಥ ಮೇಷ್ಟ್ರು ಸಿಕ್ಕರೆ ಫೀಸಿನ ಅರ್ಧ ಅಲ್ಲೇ ವಸೂಲಾಯಿತು ಅಂದುಕೊಳ್ಳಿ.

ಮೂರನೇ ತಿಂಗಳಲ್ಲಿ ಬಂದ ಒಂದು ಪಾಠ ನನ್ನ ನಿದ್ದೆ ಕೆಡಿಸಿತು. 1986 ರ ಜನವರಿ 28, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಸ್ವಲ್ಪ ಹೊತ್ತಿಗೇ ಒಡೆದು 7 ಜನ ಸತ್ತರು. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಆ ದಿನದ ಚಳಿಗೆ ಗಡುಸಾಗಿತ್ತು. ಹಿಂದಿನ ರಾತ್ರಿ ಎಂಜಿನಿಯರುಗಳು ಬೇಡ ಅಂದಿದ್ದರು. ಡಯೇನ್ ವಾನ್ ಅನ್ನುವ ಸಮಾಜಶಾಸ್ತ್ರಜ್ಞೆ ವರ್ಷಗಟ್ಟಲೆ ಕಾಗದ ಪತ್ರ ಜಾಲಾಡಿ 1996 ರಲ್ಲಿ ಹೇಳಿದ್ದು, ಇದು ಯಾರೋ ಒಬ್ಬ ಕೆಟ್ಟವನು ನಿಯಮ ಮುರಿದದ್ದರಿಂದ ಆದದ್ದಲ್ಲ ಅಂತ. ಹಿಂದಿನ ಹಾರಾಟಗಳಲ್ಲೂ ಉಂಗುರ ಸುಟ್ಟಿತ್ತು, ಏನೂ ಆಗಲಿಲ್ಲ, ಹಾಗಾಗಿ ಅಷ್ಟು ಸುಡುವುದು ಸರಿ ಅಂತಾಯಿತು. ಮುಂದಿನ ಸಲ ಇನ್ನೂ ಸ್ವಲ್ಪ, ಅದೂ ಸರಿ. ತಪ್ಪು ಮೆಲ್ಲಗೆ ರೂಢಿಯಾಗಿಬಿಟ್ಟಿತು.

ನಮ್ಮಲ್ಲಿ ಒಂದು ಕಾಲಕ್ಕೆ ಜಾಮೀನುದಾರ ಬಂದಿಲ್ಲ ಅಂದರೆ ‘ಇರ್ಲಿ ಬಿಡ್ರಿ, ಸಹಿ ನಾಳೆ ಮಾಡಿಸ್ತೇನಿ’ ಅಂತ ಪರಿಚಯದವರು ಹೇಳುತ್ತಿದ್ದರು, ನಾವು ಸಾಲ ಕೊಡುತ್ತಿದ್ದೆವು. ನಾಳೆ ಬರುತ್ತಿದ್ದರು, ಸಹಿ ಆಗುತ್ತಿತ್ತು. ಆಮೇಲೆ ನಾಳೆ ಅನ್ನುವುದು ವಾರವಾಯಿತು, ವಾರ ತಿಂಗಳಾಯಿತು. ಒಂದು ವರ್ಷ ಮಳೆ ಕೈಕೊಟ್ಟಿತು, ಹೆಸರು ಬೆಳೆ ಹೊಲದಲ್ಲೇ ಒಣಗಿತು, ಸಾಲ ಹಿಂದೆ ಬರಲಿಲ್ಲ, ಕಡತ ತೆಗೆದರೆ ಸಹಿಯೇ ಇಲ್ಲ. ಯಾರೂ ಒಂದು ರೂಪಾಯಿ ತಿಂದಿರಲಿಲ್ಲ. ಆಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾರ ತಪ್ಪು ಯಾರ ತಪ್ಪು ಅಂತ ಜಗಳ ಮಾಡಿದೆವು, ಒಬ್ಬ ಹುಡುಗನ ಮೇಲೆ ಹಾಕಿ ಸುಮ್ಮನಾದೆವು. ಆ ಹುಡುಗ ಕೆಲಸ ಬಿಟ್ಟ. ಈ ಪಾಠ ಕೇಳಿದ ರಾತ್ರಿ ಅವನಿಗೆ ಫೋನ್ ಮಾಡಿದೆ. ಏನು ಮಾತಾಡಿದೆವು ಅನ್ನುವುದು ಇಲ್ಲಿ ಬೇಡ.

ಇನ್ನೊಂದು ಹೆಸರು ಮೈಕೆಲ್ ಲಿಪ್ಸ್ಕಿ, 1980 ರ ಪುಸ್ತಕ. ಸರಕಾರದ ನೀತಿ ರಾಜಧಾನಿಯಲ್ಲಿ ಆಗುತ್ತದೆ ಅಂದುಕೊಂಡಿದ್ದೇವೆ. ಅದು ನಿಜವಾಗಿ ಆಗುವುದು ಕೌಂಟರಿನಲ್ಲಿ, ಪೊಲೀಸ್ ಠಾಣೆಯಲ್ಲಿ, ಶಾಲೆಯ ಕೋಣೆಯಲ್ಲಿ ಅನ್ನುತ್ತಾರೆ ಅವರು. ಜನ ಜಾಸ್ತಿ, ಸಮಯ ಕಡಿಮೆ, ನಿಯಮ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗ ಕೌಂಟರಿನವರು ತಮ್ಮದೇ ಅಡ್ಡದಾರಿ ಮಾಡಿಕೊಳ್ಳುತ್ತಾರೆ, ಕೆಲವರನ್ನು ಕಾಯಿಸುತ್ತಾರೆ, ಕೆಲವರನ್ನು ನಾಳೆ ಬನ್ನಿ ಅನ್ನುತ್ತಾರೆ. ನನ್ನ ಮುಂದೆ ಬಂದ ಒಬ್ಬ ಅಜ್ಜ ಅಂದದ್ದು ನೆನಪಾಯಿತು: ‘ಯವ್ವಾ, ನಿನ್ನೆ ಒಂದು ಕಾಗದ ಅಂದಿ, ಇವತ್ತ ಇನ್ನೊಂದು ಅಂತಿ. ಎಲ್ಲಾ ಒಮ್ಮೆ ಹೇಳಿಬಿಡಬಾರದೇನು?’ ಅವರು ಮುಂಡರಗಿ ಕಡೆಯಿಂದ ಬಸ್ ಹಿಡಿದು ಬಂದವರು.

ಈಗ ದೂರು. ಎರಡನೇ ಅಸೈನ್‌ಮೆಂಟ್ ಕೊಡಬೇಕಾದ ರಾತ್ರಿ ಗಾಳಿ ಮಳೆ, ಓಣಿಯಲ್ಲಿ ಕರೆಂಟ್ ಇಲ್ಲ, ಮೊಬೈಲ್ ನೆಟ್ಟೂ ಸತ್ತಿತ್ತು. 11:59 ಕ್ಕೆ ಗಡುವು. ನಾನು ಕಳಿಸಿದ್ದು 12:04 ಕ್ಕೆ. ಸೊನ್ನೆ. ದೂರು ಬರೆದೆ, ಮೂರು ಸಲ ಅಕ್ಷರಶಃ ಒಂದೇ ಉತ್ತರ ಬಂತು. ಮೇಷ್ಟ್ರಿಗೆ ಹೇಳಿದರೆ, ಅಂಕ ತಿದ್ದುವ ಅಧಿಕಾರ ನನಗೆ ಕೊಟ್ಟಿಲ್ಲಮ್ಮ ಅಂದರು, ಅವರಿಗೂ ಬೇಸರವಿತ್ತು. ಐದನೇ ದಿನ ಸಹಾಯವಾಣಿಯಲ್ಲಿ ಒಬ್ಬ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, ‘ಅಕ್ಕಾ, ತಡವಾಯ್ತು ಅಂತ ಹಾಕಬೇಡಿ, ತಾಂತ್ರಿಕ ತೊಂದರೆ ಅಂತ ಹಾಕಿ, ಅದು ಬೇರೆ ವಿಭಾಗಕ್ಕೆ ಹೋಗುತ್ತದೆ’ ಅಂದಳು. ಹಾಗೇ ಮಾಡಿದೆ, ಎರಡು ದಿನದಲ್ಲಿ ಸರಿಯಾಯಿತು. ಲಿಪ್ಸ್ಕಿ ಬರೆದದ್ದನ್ನು ಕೌಂಟರಿನ ಆ ಕಡೆ ನಿಂತು ಅನುಭವಿಸಿದೆ. ಆ ಹುಡುಗಿಗೆ ನಾನು ಋಣಿ. ಆದರೆ ಅವಳು ಸಿಗದವರ ಗತಿ ಏನು? ಸಂಘಟನೆಗಳ ಬಗ್ಗೆ ಪಾಠ ಹೇಳುವ ಸಂಸ್ಥೆ ತನ್ನ ಈ ವ್ಯವಸ್ಥೆಯನ್ನು ಸರಿಮಾಡಲೇಬೇಕು. ಅವರಿಗೂ ಹೀಗೇ ಬರೆದು ಕಳಿಸಿದ್ದೇನೆ.

ಇನ್ನೊಂದು ಕೊರತೆ, ಉದಾಹರಣೆಗಳೆಲ್ಲ ಅಮೆರಿಕ, ಜರ್ಮನಿಯವು. ಪರಮಾಣು ಸ್ಥಾವರದ ಅಪಘಾತಕ್ಕೆ ಒಂದು ಇಡೀ ವಾರ ಕೊಟ್ಟರು, 1979 ರ ತ್ರೀ ಮೈಲ್ ಐಲೆಂಡ್. ಚಾರ್ಲ್ಸ್ ಪೆರೋ 1984 ರಲ್ಲಿ ಬರೆದ ಪುಸ್ತಕ ಓದಿಸಿದರು, ಒಳ್ಳೆಯದೇ. ಬಿಗಿಯಾಗಿ ಹೆಣೆದ ಜಟಿಲ ಯಂತ್ರದಲ್ಲಿ ಸಣ್ಣ ಸಣ್ಣ ದೋಷ ಸೇರಿಕೊಂಡು ಯಾರೂ ಊಹಿಸದ ಅನಾಹುತ ಆಗುತ್ತದೆ ಅನ್ನುವ ವಿಚಾರ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರಿಗೆ ಇದನ್ನು ಹೇಳಿದೆ, ಅವರು ಒಂದು ಸಂಜೆಯೆಲ್ಲ ಬ್ರೇಕಿನ ಕಥೆ ಹೇಳಿದರು. ಆದರೆ ಅದೇ 1984 ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಆದದ್ದಕ್ಕೆ ಒಂದೇ ಒಂದು ಸ್ಲೈಡ್! ಸಾವಿರಾರು ಜನ ಸತ್ತ ಅನಾಹುತ ನಮ್ಮ ದೇಶದ್ದು, ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಒಂದು ವಾರ ಕಲಿಸಬೇಡವಾ?

ಕನ್ನಡ ಮಾಧ್ಯಮದವರು ಕೇಳುತ್ತಾರೆ, ಇಂಗ್ಲಿಷ್ ಆಗುತ್ತದಾ ಅಂತ. ಕಷ್ಟ ಇದೆ, ಆದರೆ ಆಗುತ್ತದೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹೊಸ ಪದಕ್ಕೂ ನಮ್ಮ ಸಂಘದ ಒಂದು ಉದಾಹರಣೆ ಬರೆಯುತ್ತಾ ಹೋದೆ. ಅರ್ಥ ಬರೆಯುವುದಕ್ಕಿಂತ ಅದೇ ತಲೆಯಲ್ಲಿ ನಿಂತಿತು. ರೋಸಬೆತ್ ಕ್ಯಾಂಟರ್ 1977 ರಲ್ಲಿ ಬರೆದದ್ದು, ಗಂಡಸರೇ ತುಂಬಿದ ಕಚೇರಿಯಲ್ಲಿ ಒಬ್ಬಳೇ ಹೆಂಗಸು ಇದ್ದರೆ ಅವಳು ತಪ್ಪು ಮಾಡಿದಾಗ ‘ಹೆಂಗಸರೇ ಹೀಗೆ’ ಅನ್ನುತ್ತಾರೆ ಅನ್ನುವುದು. ಅದಕ್ಕೆ ಉದಾಹರಣೆ ಹುಡುಕುವುದೇ ಬೇಕಾಗಲಿಲ್ಲ. ನಮ್ಮ ಆರು ಜನರ ಸಿಬ್ಬಂದಿಯಲ್ಲಿ ನಾನೊಬ್ಬಳೇ.

ಯಾರು ಸೇರಬೇಕು? ಒಂದು ಸಂಸ್ಥೆಯ ಒಳಗೆ ಕನಿಷ್ಠ ಎರಡು ಮೂರು ವರ್ಷ ಕೆಲಸ ಮಾಡಿದವರು. ಬ್ಯಾಂಕು, ಬಸ್ಸು, ಶಾಲೆ, ಆಸ್ಪತ್ರೆ, ಪಂಚಾಯ್ತಿ, ಯಾವುದಾದರೂ ಸರಿ. ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗರು ನಮ್ಮ ಬ್ಯಾಚಿನಲ್ಲಿ ಇದ್ದರು, ಜಾಣರು, ಅಂಕ ನನಗಿಂತ ಜಾಸ್ತಿ ಬಂತು, ಆದರೆ ಅವರಿಗೆ ಇದು ಪರೀಕ್ಷೆಯ ವಿಷಯವಾಗಿಯೇ ಉಳಿಯಿತು. ಪ್ರಮೋಷನ್ನಿಗೆ ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಇದು ಬೇಡ, ನಮ್ಮ ಕಾರ್ಯದರ್ಶಿಗಳು ನನ್ನ ಸರ್ಟಿಫಿಕೇಟನ್ನು ನೋಡಿ ಒಳ್ಳೆಯದು ಅಂದರು, ಅಷ್ಟೇ.

ಆದರೆ ಪ್ರಾಜೆಕ್ಟ್ ಓದಿದರು. ಸಭೆಗೆ ಬಂದವರಲ್ಲಿ ಪ್ರಶ್ನೆ ಕೇಳಿದವರು ಎಷ್ಟು, ಒಂದು ಸಾಲಕ್ಕೆ ರೈತ ಎಷ್ಟು ಸಲ ಬಂದುಹೋಗುತ್ತಾನೆ, ಇದನ್ನೆಲ್ಲ ಎರಡು ತಿಂಗಳು ಎಣಿಸಿ ಬರೆದಿದ್ದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಈ ಕಾಗದದ ಪಟ್ಟಿ ಹೊರಗೆ ಹಚ್ಚಿಬಿಡೋಣ’ ಅಂದರು. ಈಗ ನನ್ನ ಕೌಂಟರಿನ ಪಕ್ಕದ ಗೋಡೆಗೆ ಬೆಳೆ ಸಾಲಕ್ಕೆ ಬೇಕಾದ ಎಲ್ಲ ಕಾಗದಗಳ ಹೆಸರು ದೊಡ್ಡ ಅಕ್ಷರದಲ್ಲಿದೆ. ಓದಲು ಬರದವರಿಗೆ ನಾನೇ ಒಮ್ಮೆಗೇ ಎಲ್ಲ ಹೇಳಿ, ಚೀಟಿ ಬರೆದು ಕೊಡುತ್ತೇನೆ.

ಸೇರುವವರಿಗೆ ನನ್ನ ನೋಟ್‌ಬುಕ್ ಬೇಕಿದ್ದರೆ ಹೇಳಿ. 96 ಪುಟ, ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ, ಫೋಟೊ ತೆಗೆದು ಕಳಿಸುತ್ತೇನೆ.