ಡಬ್ಬಿ ವ್ಯಾಕ್ಯೂಮೋ, ಕೋಲು ವ್ಯಾಕ್ಯೂಮೋ: ಎರಡನ್ನೂ ಬಿಚ್ಚಿ ತೊಳೆದು ನೋಡಿದ್ದೇನೆ

ಆಷಾಢದಲ್ಲಿ ಚಿತ್ರದುರ್ಗದ ತಾರಸಿ ಮೇಲೆ ಕ್ಲಿಪ್ ಹಾಕದೆ ಏನನ್ನೂ ಒಣಹಾಕಬಾರದು. ಊರಿನವರಿಗೆಲ್ಲ ಗೊತ್ತಿರುವ ಮಾತು, ನನಗೂ ಗೊತ್ತು. ಆದರೂ ಹೋದ ವರ್ಷ ವ್ಯಾಕ್ಯೂಮ್ ಕ್ಲೀನರ್‌ನ ಫಿಲ್ಟರ್ ತೊಳೆದು ಸಿಂಟೆಕ್ಸ್ ಪಕ್ಕ ಇಟ್ಟು ಕೆಳಗೆ ಬಂದೆ. ಸಾರಿಗೆ ಒಗ್ಗರಣೆ ಹಾಕಿ ಮತ್ತೆ ಹತ್ತಿ ನೋಡಿದರೆ ಫಿಲ್ಟರ್ ಇಲ್ಲ. ಹಿಂದಿನ ಖಾಲಿ ಸೈಟಿನ ಬಳ್ಳಾರಿ ಜಾಲಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಬಿಡಿಸಿಕೊಂಡು ಬರುವಷ್ಟರಲ್ಲಿ ಮುಳ್ಳು ಅದನ್ನು ಉದ್ದಕ್ಕೆ ಸೀಳಿತ್ತು. ಅಂಗೈ ಅಗಲದ ಸ್ಪಂಜು, ಹೊಸದಕ್ಕೆ 1,400 ರೂಪಾಯಿ. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಪೊರಕೆಗೆ ಫಿಲ್ಟರ್ ಇರಲ್ಲ ನೋಡವ್ವಾ" ಅಂದರು.

ಹಾರಿಹೋದದ್ದು ಕೋಲು ವ್ಯಾಕ್ಯೂಮಿನ ಫಿಲ್ಟರ್. ಅದು ವೈರ್ ಇಲ್ಲದ್ದು, ಚಾರ್ಜ್ ಮಾಡಿ ಕೈಯಲ್ಲಿ ಹಿಡಿದು ಓಡಾಡುವಂಥದ್ದು. ಮೂರು ವರ್ಷದ ಹಿಂದೆ ಹಬ್ಬದ ಸೇಲಿನಲ್ಲಿ 21,000 ಕೊಟ್ಟು ತಂದೆ. ಮನೆಯಲ್ಲಿ ಇನ್ನೊಂದಿದೆ. ನೆಲದ ಮೇಲೆ ಎಳೆದುಕೊಂಡು ಹೋಗುವ, ಚಕ್ರ ಇರುವ, ಉದ್ದ ಪೈಪಿನ ಡಬ್ಬಿ ವ್ಯಾಕ್ಯೂಮ್. ಕೋಲು ಕೈಕೊಟ್ಟ ಮೇಲೆ 5,800ಕ್ಕೆ ತಂದದ್ದು. ಎರಡಕ್ಕೂ ಚೀಲ ಇಲ್ಲ. ಧೂಳು ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ, ನಾವೇ ಬಿಚ್ಚಿ ಚೆಲ್ಲಬೇಕು, ತೊಳೆಯಬೇಕು. ಎರಡರ ಕಂಪನಿ ಹೆಸರೂ ಹೇಳುವುದಿಲ್ಲ, ನನ್ನ ಜಗಳ ಕಂಪನಿ ಜೊತೆಗಲ್ಲ. ನಾನು ಡಬ್ಬಿಯ ಪಕ್ಷ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಮ್ಮ ಧೂಳಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಜೂನ್ ಬಂತೆಂದರೆ ಕಿಟಕಿ ಹಾಕಿದ್ದರೂ ಟಿ.ವಿ. ಮೇಲೆ ಸಂಜೆಯೊಳಗೆ ಕೆಂಪು ಪುಡಿ ಕೂರುತ್ತದೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಎಂ ಸ್ಯಾಂಡು, ಸಿಮೆಂಟು ಬೇರೆ. ಮನೆಯೊಳಗೆ ಶೇಂಗಾ ಸಿಪ್ಪೆ, ಅತ್ತೆಯ ಚಳ್ಳಕೆರೆ ಕಂಬಳಿಯಿಂದ ಉದುರುವ ಉಣ್ಣೆ. ಇಂಥ ಮನೆಯಲ್ಲಿ ವ್ಯಾಕ್ಯೂಮ್ ಎಷ್ಟು ಎಳೆಯುತ್ತದೆ ಅನ್ನುವುದಕ್ಕಿಂತ ಎಳೆದದ್ದನ್ನು ಎಷ್ಟು ಸಲೀಸಾಗಿ ಹೊರಗೆ ಹಾಕಬಹುದು ಅನ್ನುವುದೇ ಮುಖ್ಯ. ಇದು ನನಗೆ ತಿಳಿದದ್ದು 21,000 ಖರ್ಚು ಮಾಡಿದ ಮೇಲೆ.

ತವರಿನಲ್ಲಿ ಬಟ್ಟೆ ಚೀಲದ ಹಳೇ ಯಂತ್ರ ಇತ್ತು. ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು, ಹಾಸಿಗೆ ಮೇಲೆ ಓಡಿಸಿ, ಬಿಳಿ ಬಟ್ಟೆಯಲ್ಲಿ ಧೂಳು ಹಿಡಿದು ತೋರಿಸಿ ಮಾರುತ್ತಿದ್ದ ಕಾಲದ್ದು. ಚೀಲ ಕೊಡವಿದ ದಿನ ಅಪ್ಪ ಸಂಜೆವರೆಗೆ ಸೀನುತ್ತಿದ್ದರು. ಅದಕ್ಕೇ ಚೀಲದ್ದು ಬೇಡವೆಂದೆ. ಆ ಯಂತ್ರದ ಬಗ್ಗೆ ಇಷ್ಟು ಸಾಕು.

ಚೀಲ ಇಲ್ಲದಿದ್ದರೆ ಧೂಳು ಹೇಗೆ ನಿಲ್ಲುತ್ತದೆ ಅಂತ ಗೊತ್ತಾದರೆ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತಲೂ ಗೊತ್ತಾಗುತ್ತದೆ. ಒಳಗೆ ಬಂದ ಗಾಳಿ ಡಬ್ಬಿಯೊಳಗೆ ಜೋರಾಗಿ ಸುತ್ತುತ್ತದೆ. ಮೊರದಲ್ಲಿ ಕೇರುವಾಗ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಗುತ್ತದಲ್ಲ, ಹಾಗೆ ಇಲ್ಲಿ ಭಾರದ ಕಸ ಗೋಡೆಗೆ ತಾಗಿ ಕೆಳಗೆ ಬೀಳುತ್ತದೆ. ತೀರಾ ನುಣ್ಣಗಿನ ಪುಡಿ ಗಾಳಿ ಜೊತೆ ಮುಂದೆ ಹೋಗಿ ಮೋಟಾರಿನ ಮುಂದಿರುವ ಸ್ಪಂಜು ಫಿಲ್ಟರಿಗೆ ಹತ್ತುತ್ತದೆ. ಮೋಟಾರು ದಾಟಿದ ಮೇಲೆ ಮಡಿಕೆ ಮಡಿಕೆಯ ಇನ್ನೊಂದು ಫಿಲ್ಟರ್, ತೀರಾ ಸಣ್ಣ ಧೂಳನ್ನೂ ಹಿಡಿಯುವಂಥದ್ದು, ಅದು ಹೆಪಾ. ಮರದ ಮಿಲ್ಲುಗಳಲ್ಲಿ ಹೊಟ್ಟು ಬೇರ್ಪಡಿಸುತ್ತಿದ್ದ ಈ ಉಪಾಯವನ್ನು ಮನೆಯ ವ್ಯಾಕ್ಯೂಮಿಗೆ ಒಗ್ಗಿಸಲು ಬ್ರಿಟನ್ನಿನ ಜೇಮ್ಸ್ ಡೈಸನ್ 5,127 ಮಾದರಿ ಮಾಡಿ ನೋಡಿದನಂತೆ. ಸುತ್ತುವ ಕೊಳವೆ ಸಣ್ಣದಾದಷ್ಟೂ ನುಣ್ಣಗಿನ ಧೂಳೂ ಬೇರೆಯಾಗುತ್ತದೆ. ಅದಕ್ಕೇ ದುಬಾರಿ ಯಂತ್ರಗಳಲ್ಲಿ ಒಂದು ದೊಡ್ಡ ಕೊಳವೆಯ ಬದಲು ಹತ್ತು ಹನ್ನೆರಡು ಸಣ್ಣ ಕೊಳವೆ ಇರುತ್ತವೆ. ನನ್ನ ಕಥೆ ಕೆಟ್ಟದ್ದು ಅಲ್ಲೇ.

ಮೊದಲು ಡಬ್ಬಿ. ಪ್ಲಗ್ ಕಿತ್ತು, ಹಿಡಿಕೆ ಹತ್ತಿರದ ಬಟನ್ ಒತ್ತಿ ಎತ್ತಿದರೆ ಧೂಳಿನ ಡಬ್ಬಿ ಕೈಗೆ ಬರುತ್ತದೆ. ಮುಚ್ಚಳ ತಿರುಗಿಸಿದರೆ ನಡುವಿನ ಜಾಲರಿ ಬರುತ್ತದೆ. ಜಾಲರಿ ಎಳೆದರೆ ಸ್ಪಂಜು. ನಾಲ್ಕೇ ಭಾಗ, ಒಂದೂ ಸ್ಕ್ರೂ ಇಲ್ಲ. ಎಲ್ಲವನ್ನೂ ಬಚ್ಚಲಲ್ಲಿ ಬಕೆಟ್‌ಗೆ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಜಾಲರಿಯ ತೂತುಗಳನ್ನು ಉಜ್ಜುತ್ತೇನೆ. ಸೋಪು ಬೇಕಿಲ್ಲ. ಸ್ಪಂಜನ್ನು ಹಿಂಡಬೇಕು, ತಿರುಚಬಾರದು. ತಿರುಚಿದರೆ ಅಂಚು ಹರಿದು ಆ ಸಂದಿನಲ್ಲಿ ಧೂಳು ಮೋಟಾರಿಗೆ ಹೋಗುತ್ತದೆ. ಹತ್ತು ನಿಮಿಷದ ಕೆಲಸ.

ಅದು ಕೆಟ್ಟದಾಗಿ ನಡೆದುಕೊಳ್ಳುವುದು ಚೆಲ್ಲುವಾಗ. ಮುಚ್ಚಳ ತೆಗೆದ ತಕ್ಷಣ ಧೂಳು ಮುಖಕ್ಕೆ ಬರುತ್ತದೆ. ಡಬ್ಬಿಯ ಬಾಯಿಯನ್ನು ಕಸದ ಕವರ್ ಒಳಗೆ ಇಟ್ಟು, ಕವರಿನ ಬಾಯಿ ಕೈಯಲ್ಲಿ ಹಿಡಿದು, ಆಮೇಲೆ ಬಗ್ಗಿಸಿದರೆ ಅರ್ಧ ತೊಂದರೆ ಕಡಿಮೆ. ಕೋಲಿನಲ್ಲಿ ಈ ಕೆಲಸ ಚೆನ್ನಾಗಿದೆ. ಗುಂಡಿ ಒತ್ತಿದರೆ ತಳ ತೆರೆದು ಕಸ ದೊಪ್ಪನೆ ಬೀಳುತ್ತದೆ. ಅಂಗಡಿಯಲ್ಲಿ ನನಗೆ ತೋರಿಸಿದ್ದೂ ಅದನ್ನೇ. ನಾನು ಮರುಳಾದದ್ದೂ ಅದಕ್ಕೇ.

ಈಗ ಕೋಲಿನ ಕಥೆ. ತಂದ ವರ್ಷವೇ ದೀಪಾವಳಿಗೆ ಹಾಲ್‌ಗೆ ಬಣ್ಣ ಹೊಡೆಸಿದೆವು. ಪೇಂಟರ್ ಹುಡುಗರು ಗೋಡೆಗೆ ಪುಟ್ಟಿ ಹಾಕಿ, ಮರಳು ಕಾಗದದಲ್ಲಿ ತಿಕ್ಕಿ ಹೋದರು. ನೆಲದ ಮೇಲೆ ಮೈದಾ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಹೊಸ ಯಂತ್ರ ಇದೆಯಲ್ಲ ಎಂದು ಜಂಬದಿಂದ ಕೋಲು ಓಡಿಸಿದೆ. ಐದು ನಿಮಿಷ ಚೆನ್ನಾಗಿ ಎಳೆಯಿತು. ಆಮೇಲೆ ಹುಸ್, ಹುಸ್ ಎಂದು ನಿಂತು ನಿಂತು ಉಸಿರಾಡಲು ಶುರು ಮಾಡಿತು. ಅದರ ಧೂಳಿನ ಡಬ್ಬಿ ನೋಡಿದರೆ ಕಾಲು ಭಾಗವೂ ತುಂಬಿರಲಿಲ್ಲ. ಫಿಲ್ಟರ್ ಮಾತ್ರ ಬೆಳ್ಳಗೆ ಸುಣ್ಣ ಬಳಿದ ಹಾಗಾಗಿತ್ತು.

ಫಿಲ್ಟರ್ ತೊಳೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ. ಸಣ್ಣ ಕೊಳವೆಗಳ ಬಾಯಲ್ಲೂ ಬಿಳಿ ಕಂಡಿತು. ಆ ಭಾಗಕ್ಕೆ ನೀರು ತಾಗಿಸಬೇಡಿ ಎಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಓದಿದ್ದೆ ಕೂಡ. ಆದರೂ ಒದ್ದೆ ಬಟ್ಟೆ ತುರುಕಿ ಒರೆಸಿದೆ, ಬರಲಿಲ್ಲವೆಂದು ಒಂದು ಚೊಂಬು ನೀರೂ ಹಾಕಿದೆ. ಪುಟ್ಟಿಯಲ್ಲಿ ಬಿಳಿ ಸಿಮೆಂಟ್ ಇರುತ್ತದೆ. ನೀರು ಬಿದ್ದರೆ ಗಟ್ಟಿಯಾಗುವುದೇ ಅದರ ಕೆಲಸ. ಮಾರನೇ ದಿನ ನೋಡಿದರೆ ಕೊಳವೆಗಳ ಒಳಗೆ ಹಪ್ಪಳದಂತೆ ಕಟ್ಟಿಕೊಂಡಿತ್ತು. ಅಲ್ಲಾಡಿಸಿದರೆ ಒಳಗೆ ಚೂರುಗಳು ಗಲಗಲ ಅನ್ನುತ್ತವೆ, ಹೊರಗೆ ಒಂದೂ ಬರುವುದಿಲ್ಲ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಇಂಥ ತಪ್ಪಿಗೆ ಬಿಚ್ಚಿ ಸರಿಮಾಡುವ ದಾರಿ ಇರಬೇಕಲ್ವಾ? ಆ ಭಾಗಕ್ಕೆ ಬಟನ್ ಇಲ್ಲ, ಲಾಕ್ ಇಲ್ಲ. ಬೆರಳು ಉದ್ದದ ತೂತಿನ ತಳದಲ್ಲಿ ಆರು ಮೂಲೆಯ ನಕ್ಷತ್ರದಂಥ ಸ್ಕ್ರೂ, ಟಾರ್ಕ್ಸ್ ಅನ್ನುತ್ತಾರೆ ಅದಕ್ಕೆ. ಮನೆಯ ಸ್ಕ್ರೂಡ್ರೈವರ್ ಅಲ್ಲಿಗೆ ಇಳಿಯುವುದೇ ಇಲ್ಲ. ಸರ್ವಿಸ್‌ಗೆ ಫೋನ್ ಮಾಡಿದರೆ "ಅದನ್ನು ಬಿಚ್ಚಲ್ಲ ಮೇಡಂ, ಪೂರ್ತಿ ಹೊಸದೇ ಹಾಕಬೇಕು" ಅಂದರು. ಬೆಲೆ ಕೇಳಿದ ಮೇಲೆ ನಾನೇ ಫೋನ್ ಇಟ್ಟೆ. ಡಬ್ಬಿ ವ್ಯಾಕ್ಯೂಮ್ ಒಂದು ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಬರುತ್ತಿತ್ತು!

ಕೊನೆಗೆ ಮಿಕ್ಸಿ, ಫ್ಯಾನ್ ರಿಪೇರಿ ಮಾಡುವ ಅಂಗಡಿಗೆ ಒಯ್ದೆ. ಎಂಟು ಸ್ಕ್ರೂ. ಏಳು ಬಂದವು, ಭಾಗ ಮಾತ್ರ ಬರಲಿಲ್ಲ. ಎಂಟನೆಯದು ಸ್ಟಿಕ್ಕರ್ ಕೆಳಗಿತ್ತು. ಉಗುರಿನಿಂದ ಸವರುತ್ತಾ ಹೋದಾಗ ಒಂದು ಕಡೆ ಸ್ಟಿಕ್ಕರ್ ಒಳಕ್ಕೆ ತಗ್ಗಿತು, ಹಾಗೆ ಸಿಕ್ಕಿತು. "ಅಕ್ಕಾ, ಮಿಕ್ಸಿ ಆದ್ರೆ ಮೂರು ಸ್ಕ್ರೂ. ಇದನ್ಯಾಕೆ ಹಿಂಗೆ ಬಚ್ಚಿಟ್ಟವ್ರೆ?" ಎಂದು ಆತ ನನ್ನನ್ನೇ ಕೇಳಿದ. ತೆಂಗಿನಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಮುರಿದು, ಹನ್ನೆರಡು ಕೊಳವೆಯನ್ನೂ ಒಂದೊಂದಾಗಿ ಕೆರೆದೆವು. ತಿರುಗಿ ಜೋಡಿಸುವಾಗ ಪ್ಲಾಸ್ಟಿಕ್ ಕೊಂಡಿಯೊಂದು ಟಪ್ಪನೆ ಮುರಿಯಿತು. ಅಲ್ಲಿಗೆ ಈಗ ಕಪ್ಪು ಟೇಪು ಸುತ್ತಿದೆ. ಕೂಲಿ 300, ಒಂದು ಇಡೀ ಮಧ್ಯಾಹ್ನ. ವಾರಂಟಿಯೂ ಅವತ್ತಿಗೇ ಮುಗಿಯಿತು ಅಂದುಕೊಂಡೆ. ಡಬ್ಬಿ ವ್ಯಾಕ್ಯೂಮ್ ತಂದದ್ದು ಅದಾದ ಮುಂದಿನ ವಾರ.

ಪುಟ್ಟಿ, ಸಿಮೆಂಟ್, ರಂಗೋಲಿ ಪುಡಿ, ಒಲೆಯ ಬೂದಿ ಇವನ್ನು ಯಾವ ವ್ಯಾಕ್ಯೂಮಿಗೂ ತಿನ್ನಿಸಬೇಡಿ. ಡಬ್ಬಿಯ ಸ್ಪಂಜೂ ಇದರಿಂದ ಕಟ್ಟಿಕೊಳ್ಳುತ್ತದೆ. ಆದರೆ ಅದರಲ್ಲಿ ಕೈ ಹೋಗದ ಜಾಗ ಇಲ್ಲ.

ಇನ್ನು ಒಣಗಿಸುವುದು. ಕೋಲಿನ ಫಿಲ್ಟರ್ ದಪ್ಪ, ಒಳಗೆ ಎರಡು ಪದರ. 24 ಗಂಟೆ ಒಣಗಿಸಬೇಕು ಎಂದು ಪುಸ್ತಕ ಹೇಳುತ್ತದೆ. ಮೋಡ ಕವಿದ ವಾರದಲ್ಲಿ ನನಗೆ ಎರಡು ದಿನ ಹಿಡಿದಿದೆ. ಅಷ್ಟೂ ಹೊತ್ತು ಯಂತ್ರ ಗೋಡೆಗೆ ಒರಗಿ ನಿಂತಿರುತ್ತದೆ. ಅವಸರ ಮಾಡಿ ಅರ್ಧ ಒದ್ದೆಯಲ್ಲೇ ಹಾಕಿದರೆ ತೇವ ಮೋಟಾರಿಗೆ ಹೋಗುತ್ತದೆ, ಜೊತೆಗೆ ಒದ್ದೆ ಗೋಣಿಚೀಲದ ವಾಸನೆ ಮನೆ ತುಂಬಾ. ಡಬ್ಬಿಯ ಸ್ಪಂಜು ತೆಳ್ಳಗಿದೆ. ಅದಕ್ಕೂ ಒಂದು ದಿನ ಬಿಡುತ್ತೇನೆ. ಆದರೆ ಇನ್ನೊಂದು ಸ್ಪಂಜು 250 ರೂಪಾಯಿಗೆ ಸಿಕ್ಕಿತು. ಒಂದು ಒಣಗುವಾಗ ಇನ್ನೊಂದು ಯಂತ್ರದಲ್ಲಿ. ಕೋಲಿಗೂ ಹಾಗೆ ಮಾಡಬಹುದು, 1,400 ಇದ್ದರೆ. ಈಗ ನಾನು ಫಿಲ್ಟರನ್ನು ಹಳೇ ಕೊತ್ತಂಬರಿ ಬಲೆಚೀಲಕ್ಕೆ ಹಾಕಿ ಬಟ್ಟೆ ತಂತಿಗೆ ಗಂಟು ಹಾಕುತ್ತೇನೆ, ನೆರಳಲ್ಲಿ. ದುರ್ಗದ ಗಾಳಿಯಲ್ಲಿ ಬಿಸಿಲು ಬೇಕಾಗಿಲ್ಲ.

ನೀರಿನ ವಿಷಯವೂ ಇದೆ. ಮೊದಮೊದಲು ಬೋರಿನ ನೀರಲ್ಲಿ ತೊಳೆಯುತ್ತಿದ್ದೆ. ಒಣಗಿದ ಮೇಲೆ ಸ್ಪಂಜು ಗರಿಗರಿ, ಬೆರಳಿಗೆ ಬಿಳಿ ಪುಡಿ. ನಮ್ಮ ಸ್ನಾನದ ಬಕೆಟ್‌ಗಳ ಒಳಗೆ ಕಟ್ಟುವ ಅದೇ ಬಿಳಿ. ಈಗ ಕೊನೆಯ ಎರಡು ಸಲ ನಲ್ಲಿ ನೀರಲ್ಲಿ ಅದ್ದಿ ಹಿಂಡುತ್ತೇನೆ. ನಲ್ಲಿಗೆ ಶಾಂತಿಸಾಗರ ಕೆರೆಯ ನೀರು ಬಿಡುವ ದಿನ ನೋಡಿಕೊಂಡು ಫಿಲ್ಟರ್ ತೊಳೆಯುವವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಕಂಬಳಿ ಉಣ್ಣೆ, ತಲೆಕೂದಲು: ಕೋಲಿನ ಬ್ರಷ್ ತಿರುಗುವಂಥದ್ದು, ವಾರಕ್ಕೊಮ್ಮೆ ಕತ್ತರಿ ಬೇಕು. ಉದ್ದಕ್ಕೆ ಕತ್ತರಿಸಿ ಎಳೆದರೆ ಬರುತ್ತದೆ, ಆದರೆ ಎರಡೂ ತುದಿಯ ಗೂಟದ ಹತ್ತಿರ ಸುತ್ತಿಕೊಂಡದ್ದನ್ನು ಹೇರ್‌ಪಿನ್ನಿಂದ ಬಿಡಿಸಬೇಕು. ಡಬ್ಬಿಯ ಬ್ರಷ್ ತಿರುಗುವುದಿಲ್ಲ, ಹಾಗಾಗಿ ಸುತ್ತಿಕೊಳ್ಳುವುದೂ ಇಲ್ಲ. ಆದರೆ ಉಣ್ಣೆ ಎತ್ತುವುದರಲ್ಲಿ ಕೋಲೇ ಮೇಲು.

ಪೈಪು ಕಟ್ಟಿಕೊಳ್ಳುವುದು ಡಬ್ಬಿಯಲ್ಲಿ ಮಾತ್ರ. ಪೈಪಿನೊಳಗೆ ಗೋಲಿ ಬಿಡಿ. ಆ ಕಡೆ ಬಂದರೆ ಸರಿ, ಬರದಿದ್ದರೆ ಎಲ್ಲಿ ನಿಂತಿತೋ ಅಲ್ಲೇ ಶೇಂಗಾ ಸಿಪ್ಪೆಯ ಉಂಡೆ ಇದೆ.

ಸದ್ದು: ಡಬ್ಬಿಯದ್ದು ಜಾಸ್ತಿ. ಧಾರಾವಾಹಿ ಹೊತ್ತಲ್ಲಿ ಹಾಕುವ ಹಾಗಿಲ್ಲ.

ಹೆಪಾ ಫಿಲ್ಟರ್: ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆಯಿರಿ, ಇಲ್ಲದಿದ್ದರೆ ಮೆಲ್ಲಗೆ ತಟ್ಟಿ ಇಟ್ಟುಬಿಡಿ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿದರೆ ಚೊಕ್ಕಟವಾಗುತ್ತದೆ ಅಂತ ನಮ್ಮನೆಯವರು ಒಯ್ದಿದ್ದರು. ಕಾಗದದ ಮಡಿಕೆ ಹರಿದುಕೊಂಡು ಬಂದರು.

ಯಂತ್ರ ಬಿಸಿಯಾಗಿ ತಾನೇ ನಿಂತರೆ ಕೆಟ್ಟಿತೆಂದು ಗಾಬರಿ ಬೇಡ. ಫಿಲ್ಟರ್ ಕಟ್ಟಿದರೆ ಮೋಟಾರಿಗೆ ತಂಪು ಗಾಳಿ ಸಿಗುವುದಿಲ್ಲ, ಸುಟ್ಟುಹೋಗದಿರಲಿ ಎಂದು ತಾನೇ ಆರುತ್ತದೆ. ಪ್ಲಗ್ ಕಿತ್ತು, ಫಿಲ್ಟರ್ ತೆಗೆದು, ಒಂದು ಗಂಟೆ ಬಿಡಿ.

ನನ್ನ ಅಭ್ಯಾಸ ಹೀಗೆ: ಭಾನುವಾರ ಒಮ್ಮೆ ಇಡೀ ಮನೆ, ತಿಂಗಳಿಗೆ ಎರಡು ಸಲ ಬಿಚ್ಚಿ ತೊಳೆಯುವುದು, ಆಷಾಢದಲ್ಲಿ ವಾರಕ್ಕೊಮ್ಮೆ. ನೆಲ ನೋಡಿದರೆ ನೀರು ಹಾಕಿ ತೊಳೆಯಬೇಕು ಅನ್ನಿಸುವ ಜಾತಿ ನನ್ನದು. ಅದಕ್ಕೆ 5,800ರ ಡಬ್ಬಿಯೇ ಸರಿ. ಬಾಡಿಗೆ ಮನೆಯ ಎರಡು ಕೋಣೆಯಲ್ಲಿ ಇದ್ದು, ದಿನಾ ಐದು ನಿಮಿಷ ಓಡಿಸಿ, ಫಿಲ್ಟರ್ ಎರಡು ಇಟ್ಟುಕೊಳ್ಳುವಷ್ಟು ದುಡ್ಡಿದ್ದರೆ ಕೋಲೂ ಆದೀತು. ವೈರ್ ಎಳೆದಾಡುವ ಗೋಳಿಲ್ಲ, ಮೆಟ್ಟಿಲಿಗೆ, ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಯಾವುದೇ ಆಗಲಿ, ಬಿಲ್ ಹಾಕಿಸುವ ಮೊದಲು ಅಂಗಡಿಯಲ್ಲೇ ಬಿಚ್ಚಿ ತೋರಿಸಿ ಅನ್ನಿ. ಡಬ್ಬಿ, ಜಾಲರಿ, ಫಿಲ್ಟರ್ ಮೂರೂ ಸ್ಕ್ರೂಡ್ರೈವರ್ ಇಲ್ಲದೆ ಕೈಗೆ ಬರಬೇಕು. ಬಿಡಿ ಫಿಲ್ಟರಿನ ಬೆಲೆಯನ್ನೂ ಅಲ್ಲೇ ಕೇಳಿಕೊಳ್ಳಿ.

ಟೇಪು ಸುತ್ತಿದ ಕೋಲು ಈಗ ಅತ್ತೆಯ ಕೋಣೆಯ ಬಾಗಿಲ ಹಿಂದಿದೆ. ಕಂಬಳಿ ಕೊಡವಿದ ದಿನ ಮಂಚದ ಸುತ್ತ ಅವರೇ ಓಡಿಸುತ್ತಾರೆ. ಡಬ್ಬಿ ತುಂಬಿದರೆ ನನ್ನನ್ನು ಕರೆಯುತ್ತಾರೆ.