ದುರಂತದ ದಿನ ಏನು ನೋಡುವುದು: ನೇರಪ್ರಸಾರವೋ, ನಿಗದಿತ ವಾರ್ತೆಯೋ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿಹಾಕಿತು. ಅಲ್ಲಿ ಬೀಡುಬಿಟ್ಟ ಖಾಸಗಿ ವಾಹಿನಿಗಳಿಗೆ, ಅದರಲ್ಲೂ ಮಲಯಾಳಂ ವಾಹಿನಿಗಳಿಗೆ, ಒಂದು ಶ್ರೇಯ ಸಲ್ಲಲೇಬೇಕು: ಕಾಣೆಯಾದ ಕೇರಳದ ಲಾರಿ ಚಾಲಕನನ್ನು ಜನ ಮರೆಯದಂತೆ ಅವು ನೋಡಿಕೊಂಡವು. ಆತನ ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು.

ರಸ್ತೆ ತೆರೆದಿದೆಯೇ, ನದಿ ಏರುತ್ತಿದೆಯೇ ಎಂದು ಕೂಡಲೇ ತಿಳಿಯಬೇಕಿದ್ದರೆ ನೇರಪ್ರಸಾರವೇ ಸರಿ. ಆದರೆ ಅದಕ್ಕೆ ಇಡೀ ದಿನ ತುಂಬಿಸಬೇಕಾದ ಹಸಿವಿದೆ. ಹೊಸ ಸುದ್ದಿ ಇಲ್ಲದಾಗ ಊಹೆಗಳು ಬರುತ್ತವೆ, ಬೆಳಗಿನ ದೃಶ್ಯವೇ ಸಂಜೆಗೂ ಓಡುತ್ತದೆ, ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮೈಕು ಹಿಡಿಯಲಾಗುತ್ತದೆ. ‘ಹೇಗನಿಸುತ್ತಿದೆ’ ಎಂಬ ಆ ಪ್ರಶ್ನೆಯನ್ನು ನಾನು ಕ್ಷಮಿಸಲಾರೆ.

ದೂರದರ್ಶನ ಚಂದನದ ವಾರ್ತೆ ನಿಧಾನ, ಅಧಿಕಾರಿಗಳ ಮಾತಿಗೆ ಹೆಚ್ಚು ಒಲಿಯುತ್ತದೆ. ಆಡಳಿತದ ಲೋಪ ಅಲ್ಲಿ ಕಾಣುವುದು ಅಪರೂಪ. ಸಾವಿನ ಸಂಖ್ಯೆಯ ವಿಷಯದಲ್ಲಿ ಮಾತ್ರ ನಾನು ಅದನ್ನೇ ನಂಬುತ್ತೇನೆ. ಮಕ್ಕಳಿರುವ ಮನೆಗೂ ಅದೇ ಲೇಸು.

ನಿಮ್ಮವರೇ ಅಲ್ಲಿ ಸಿಲುಕಿದ್ದರೆ ಎರಡನ್ನೂ ಬಿಟ್ಟು ಮೊದಲು ಜಿಲ್ಲಾ ನಿಯಂತ್ರಣ ಕೊಠಡಿಗೆ ಕರೆ ಮಾಡಿ.